ಕೆರೆ ಗೋಡಿನಲ್ಲಿ ತಾಮ್ರ ಎಷ್ಟಿದೆ? ಹೂಳನ್ನು ಅಳೆಯುವ ಬಗೆ

ಬೇಸಿಗೆ ಬಂತೆಂದರೆ ನಮ್ಮ ಸಾಗರ, ಸೊರಬ, ಹೊಸನಗರದ ಕಡೆ ಕೆರೆಗಳಿಗೆ ಜೆಸಿಬಿ ಇಳಿಯುತ್ತದೆ. ಹೂಳು ಟ್ರ್ಯಾಕ್ಟರ್ ಹತ್ತಿ ಅಡಿಕೆ ತೋಟ ಸೇರುತ್ತದೆ. ಕೆರೆ ಗೋಡು, ಅಂದರೆ ಈ ಹೂಳುಮಣ್ಣು, ತೋಟಕ್ಕೆ ಒಳ್ಳೆಯದು ಅಂತ ಅಪ್ಪಯ್ಯನ ಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಅದು ಸುಳ್ಳೂ ಅಲ್ಲ. ಈಚೆಗೆ ಜನ ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಮೇಷ್ಟ್ರೇ, ತೋಟಕ್ಕೆ ಹೊಡೆದ ಮೈಲುತುತ್ತ ಎಲ್ಲಾ ಮಳೆಗೆ ತೊಳೆದು ಕೆರೆಗೇ ಹೋಗತ್ತಲ್ಲ? ಅದೇ ಗೋಡನ್ನು ಮತ್ತೆ ತೋಟಕ್ಕೆ ಹಾಕಿದರೆ ಹೇಗೆ?"

ತುಂಬ ಸರಿಯಾದ ಪ್ರಶ್ನೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ, ಮನೆಯಲ್ಲಿ ಅಡಿಕೆ ತೋಟವೂ ಇದೆ. ನಮ್ಮ ತೋಟದ ಬಸಿಗಾಲುವೆ ಕೆಳಗಿನ ಕೆರೆಗೇ ಸೇರುತ್ತದೆ. ಹಾಗಾಗಿ ಈ ಪ್ರಶ್ನೆ ನನಗೆ ಪಾಠದ ಉದಾಹರಣೆ ಮಾತ್ರ ಅಲ್ಲ. ಉತ್ತರವನ್ನು ಊಹೆಯಿಂದ ಹೇಳಬಾರದು, ಅಳೆದು ಹೇಳಬೇಕು. ವಿದ್ಯಾರ್ಥಿಗಳ ಜೊತೆ ಕೆರೆಗೆ ಇಳಿಯುವಾಗ ನಾವು ಹೇಗೆ ಮಾಡುತ್ತೇವೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಆಸಕ್ತಿ ಇರುವ ಶಿಕ್ಷಕರು, ಪಂಚಾಯ್ತಿಯವರು, ಬೆಳೆಗಾರರು ಸೇರಿ ಮಾಡಬಹುದಾದ ಕೆಲಸ ಇದು. ಲ್ಯಾಬಿನ ಭಾಗಕ್ಕೆ ಮಾತ್ರ ವಿಶ್ವವಿದ್ಯಾಲಯದ ನೆರವು ಬೇಕು.

ಮೊದಲು ತಾಮ್ರದ ಲೆಕ್ಕ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ 200 ಲೀಟರಿನ ಒಂದು ಡ್ರಮ್ ಔಷಧಿಯಲ್ಲಿ ಸುಮಾರು ಅರ್ಧ ಕೆಜಿ ತಾಮ್ರ ಇರುತ್ತದೆ. ಮಳೆಗಾಲದಲ್ಲಿ ಎರಡು ಮೂರು ಸಲ ಹೊಡೆಯುತ್ತೇವೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾರಣ ಹುಡುಕಿ, ಬೋರ್ಡೋ ಹೊಡೆಯುವುದನ್ನು ನಮ್ಮ ಬೆಳೆಗಾರರಿಗೆ ಕಲಿಸಿದರು. ಅದು ಅಡಿಕೆಯನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಒಡೆದು ಬೇರೆ ವಸ್ತು ಆಗುವುದಿಲ್ಲ. ಅದು ಮೂಲಧಾತು. ನೂರು ವರ್ಷದಿಂದ ಹೊಡೆದದ್ದು ಎಲ್ಲೋ ಇದ್ದೇ ಇದೆ. ಒಂದಿಷ್ಟು ತೋಟದ ಮಣ್ಣಿನಲ್ಲಿ, ಇನ್ನೊಂದಿಷ್ಟು ಕೆರೆಯ ಹೂಳಿನಲ್ಲಿ.

ಈಗ ಮುಖ್ಯವಾದ ಮಾತು. ತುಂಬಾ ಜನ ಕೆರೆಯ ಮೇಲಿನ ಒಂದು ಬೊಗಸೆ ಕೆಸರನ್ನು ಲ್ಯಾಬಿಗೆ ಕಳಿಸಿ, "ತಾಮ್ರ ಇಷ್ಟು ಪಿಪಿಎಂ" ಅನ್ನುವ ಒಂದು ಸಂಖ್ಯೆ ತರುತ್ತಾರೆ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ). ಆ ಸಂಖ್ಯೆ ಒಂದರಿಂದಲೇ ಏನೂ ತಿಳಿಯುವುದಿಲ್ಲ. ಆ ಕೆರೆಯಲ್ಲಿ ವರ್ಷಕ್ಕೆ ಎಷ್ಟು ಹೂಳು ಕೂರುತ್ತದೆ ಅನ್ನುವುದು ಜೊತೆಗೆ ಗೊತ್ತಿರಬೇಕು. ಯಾಕೆ ಅನ್ನುವುದನ್ನು ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಕೆರೆ ಯಾವುದು, ಜಾಗ ಯಾವುದು

ಹೂಳು ಪದರ ಪದರವಾಗಿ, ಹಳೆಯದರ ಮೇಲೆ ಹೊಸದು ಕೂತಿರಬೇಕು. ಹಾಗಿದ್ದರೆ ಮಾತ್ರ ಓದಲು ಬರುತ್ತದೆ. ಆದ್ದರಿಂದ ಸಲಕರಣೆ ಹೊಂದಿಸುವ ಮೊದಲು ಊರಿನ ಹಿರಿಯರ ಹತ್ತಿರ ಕೂತು ಮಾತಾಡಿ. ಕೆರೆಯ ಹೂಳು ಕೊನೆಯ ಸಲ ಎತ್ತಿದ್ದು ಯಾವಾಗ? ಯಾವ ಕಡೆಯಿಂದ ಎತ್ತಿದರು? ಮೊದಲೆಲ್ಲ ಬುಟ್ಟಿಯಲ್ಲಿ ಹೊತ್ತು ಒಯ್ಯುತ್ತಿದ್ದಾಗ ಅಂಚಿನ ಗೋಡು ಮಾತ್ರ ಹೋಗುತ್ತಿತ್ತು, ನಡುವಿನದು ಹಾಗೇ ಉಳಿಯುತ್ತಿತ್ತು. ಜೆಸಿಬಿ ಇಳಿದ ಕೆರೆಯಲ್ಲಿ ಹಳೆಯ ಪದರ ಸಿಗುವ ಆಸೆ ಕಡಿಮೆ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಕೆರೆಯೂ ಬೇಡ. ಕೆಸರು ಒಣಗಿ ಬಿರುಕು ಬಿಟ್ಟರೆ ಮೇಲಿನ ಮಣ್ಣು ಬಿರುಕಿಗೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಎಮ್ಮೆಗಳು ಬಿದ್ದುಕೊಳ್ಳುವ ಮೂಲೆಯನ್ನೂ ಬಿಡಿ.

ಕೆರೆಯಲ್ಲಿ ಎಲ್ಲಿ? ಹಳ್ಳ ಬಂದು ಸೇರುವ ಬಾಯಿಯಲ್ಲಿ ಮರಳೇ ಜಾಸ್ತಿ. ಮರಳಿನ ಕಾಳು ಲೋಹವನ್ನು ಹಿಡಿದುಕೊಳ್ಳುವುದಿಲ್ಲ, ಸಣ್ಣ ಜೇಡಿ ಕಣ ಹಿಡಿದುಕೊಳ್ಳುತ್ತದೆ. ತೂಬು ಮತ್ತು ಕೋಡಿಯ ಹತ್ತಿರ ನೀರಿನ ಸೆಳೆತಕ್ಕೆ ಹೂಳು ನಿಲ್ಲುವುದಿಲ್ಲ. ಕೆರೆಯ ಆಳವಾದ, ನೀರು ಅಲ್ಲಾಡದ ಜಾಗ ಬೇಕು. ಹಗ್ಗಕ್ಕೆ ತೂಕದ ಕಲ್ಲು ಕಟ್ಟಿ, ಕೆರೆಯ ಅಡ್ಡಕ್ಕೂ ಉದ್ದಕ್ಕೂ ಆಳ ನೋಡುತ್ತಾ ಹೋಗಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪದರ ಕೆಡದಂತೆ ಕೊಳವೆ ಇಳಿಸಿ ಹೂಳು ತೆಗೆಯುತ್ತೇವೆ, ಒಂದೇ ಕಡೆ ತೆಗೆದರೆ ಸಾಲದು. ಆಳದ ಜಾಗದಲ್ಲಿ ಎರಡು, ಸ್ವಲ್ಪ ದೂರದಲ್ಲಿ ಇನ್ನೊಂದು ತೆಗೆಯಿರಿ.

ಹೋಲಿಕೆಗೆ ಮೇಲಿನ ಬೆಟ್ಟದಲ್ಲಿ, ತೋಟದ ನೀರು ಬರದೆ ಬರೀ ಕಾಡಿನ ನೀರು ಸೇರುವ ಕೆರೆ ಇದ್ದರೆ ಅಲ್ಲೂ ಒಂದು ತೆಗೆಯಿರಿ. ನಮ್ಮ ಮಲೆನಾಡಿನಲ್ಲಿ ಇದು ತೀರ ಮುಖ್ಯ, ಕಾರಣ ಆಮೇಲೆ ಹೇಳುತ್ತೇನೆ.

ಲಿಂಗನಮಕ್ಕಿಯ ಹಿನ್ನೀರಿನ ಪಕ್ಕದವರಿಗೆ ಒಂದು ಅನುಕೂಲ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಿದ ಗದ್ದೆಯ ಮಣ್ಣು ಇವತ್ತಿಗೂ ಹೂಳಿನ ಕೆಳಗಿದೆ. ಗಟ್ಟಿಯಾಗಿ, ಬೇರಿನ ತುಂಡುಗಳ ಜೊತೆ, ಮೇಲಿನ ನುಣುಪು ಹೂಳಿಗಿಂತ ಬೇರೆ ಬಣ್ಣದಲ್ಲಿ ಇರುತ್ತದೆ. ಆ ಗೆರೆಯಿಂದ ಮೇಲೆ ಎಷ್ಟು ಹೂಳಿದೆಯೋ ಅದೆಲ್ಲ ನೀರು ನಿಂತ ಮೇಲೆ ಬಂದದ್ದು. ವರ್ಷದ ಲೆಕ್ಕ ಕೈಯಲ್ಲೇ ಇದೆ. ಅದಕ್ಕೂ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಅದೇ ನೀರಿನೊಳಗಿದೆ, ನೀರು ತುಂಬಾ ಇಳಿದ ವರ್ಷ ಹೊರಗೆ ಕಾಣುತ್ತದೆ. ಆ ಕಡೆ ನೀರು 1964ಕ್ಕೂ ಮೊದಲೇ ನಿಂತಿತ್ತು ಅನ್ನುವುದನ್ನು ಮರೆಯಬೇಡಿ. ಇನ್ನು ಹಿನ್ನೀರಿನ ಅಂಚು ಪ್ರತಿ ಬೇಸಿಗೆ ಬಯಲಾಗಿ ಅಲೆಗೆ ತೊಳೆದುಹೋಗುತ್ತದೆ, ಆ ಭಾಗ ಪ್ರಯೋಜನಕ್ಕೆ ಬರುವುದಿಲ್ಲ. ಜಲಾಶಯಕ್ಕೆ ಇಳಿಯುವ ಮೊದಲು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ, ಊರ ಕೆರೆಗೆ ಪಂಚಾಯ್ತಿಯ ಒಪ್ಪಿಗೆ ಬರಹದಲ್ಲೇ ಇರಲಿ.

ಕೊಳವೆ ಇಳಿಸುವುದು

ದೀಪಾವಳಿ ಕಳೆದ ಮೇಲೆ ಶಿವರಾತ್ರಿಯ ಒಳಗೆ ಒಳ್ಳೆಯ ಸಮಯ. ನೀರು ತಿಳಿಯಾಗಿರುತ್ತದೆ, ಗಾಳಿ ಕಡಿಮೆ. ಇಬ್ಬರಿಗಿಂತ ಕಡಿಮೆ ಜನ ಹೋಗಬಾರದು, ಲೈಫ್ ಜಾಕೆಟ್ ಇಲ್ಲದೆ ಯಾರೂ ತೆಪ್ಪ ಹತ್ತಬಾರದು. ಈಜು ಬರುವವರಿಗೂ ಈ ಮಾತು ಹೇಳುತ್ತೇನೆ. ಕೆರೆಯ ನಡುವೆ ಕೆಸರು ಸೊಂಟದವರೆಗೆ ಎಳೆದುಕೊಳ್ಳುತ್ತದೆ, ಅಲ್ಲಿ ಈಜು ಕೆಲಸಕ್ಕೆ ಬರುವುದಿಲ್ಲ.

ಕೊಳವೆಗೆ ಪಾರದರ್ಶಕ ಅಕ್ರಿಲಿಕ್ ಪೈಪ್ ತೆಗೆದುಕೊಳ್ಳಿ. ಒಳಗಿನ ಅಡ್ಡಳತೆ 6 ಸೆಂ.ಮೀ., ಉದ್ದ 1 ಮೀಟರ್ ಇದ್ದರೆ ಸಾಕು. ತೋಟದಲ್ಲಿ ಬಿದ್ದಿರುವ ಪಿವಿಸಿ ಪೈಪ್ ಸುಲಭವಾಗಿ ಸಿಗುತ್ತದೆ ನಿಜ. ಆದರೆ ನಮ್ಮ ದೇಶದಲ್ಲಿ ಪಿವಿಸಿ ಪೈಪಿಗೆ ಸೀಸದ ಸಂಯುಕ್ತ ಸೇರಿಸುವ ರೂಢಿ ತುಂಬ ಕಾಲ ಇತ್ತು, ಅದನ್ನು ತೆಗೆಸಲು ಕೇಂದ್ರ ಸರ್ಕಾರ ನಿಯಮ ತಂದಿದ್ದು 2021ರಲ್ಲಿ. ತಾಮ್ರದ ಜೊತೆ ಸೀಸವನ್ನೂ ಹುಡುಕಲು ಹೊರಟವರು ಸೀಸ ಇರುವ ಪೈಪನ್ನೇ ಕೆಸರಿಗೆ ಇಳಿಸಬಾರದು, ಅಲ್ವಾ? ಕೊಳವೆಯ ಕೆಳಗಿನ ಅಂಚನ್ನು ಹೊರಗಡೆಯಿಂದ ಅರದಲ್ಲಿ ಉಜ್ಜಿ ಚೂಪು ಮಾಡಿ. ಎರಡು ಬಾಯಿಗೂ ಬಿಗಿಯಾಗಿ ಕೂರುವ ರಬ್ಬರ್ ಬಿರಡೆ ಬೇಕು.

ಕೊಳವೆಯನ್ನು ನೆಟ್ಟಗೆ ಹಿಡಿದು ನಿಧಾನವಾಗಿ ಒತ್ತಿ. ಸುತ್ತಿಗೆಯಿಂದ ಬಡಿಯಬೇಡಿ, ತಿರುಗಿಸಬೇಡಿ. ಆಳದ ನೀರಿದ್ದರೆ ಕೊಳವೆಗೆ ಬಿದಿರಿನ ಗಳ ಕಟ್ಟಿಕೊಳ್ಳಬಹುದು, ಆಗ ಮೇಲಿನ ಬಿರಡೆಯನ್ನು ಹಗ್ಗದಿಂದ ಎಳೆದು ಮುಚ್ಚುವ ಏರ್ಪಾಡು ಮಾಡಿಕೊಳ್ಳಬೇಕು. ಸಾಕಷ್ಟು ಇಳಿದ ಮೇಲೆ ಮೇಲಿನ ಬಾಯಿ ಮುಚ್ಚಿ. ಗಾಳಿ ಆಡದೆ ಇರುವುದರಿಂದ ಮಣ್ಣು ಕೊಳವೆಯಲ್ಲೇ ನಿಲ್ಲುತ್ತದೆ. ಮೆಲ್ಲಗೆ ಎತ್ತಿ, ಕೆಳಗಿನ ಬಾಯಿ ನೀರಿನಿಂದ ಹೊರಗೆ ಬರುವ ಮೊದಲೇ ಕೈ ಹಾಕಿ ಬಿರಡೆ ಒತ್ತಿಬಿಡಿ. ಈ ಒಂದು ಕ್ಷಣದ ಕೆಲಸವನ್ನು ದಡದಲ್ಲಿ ನಾಲ್ಕಾರು ಸಲ ಅಭ್ಯಾಸ ಮಾಡಿಕೊಂಡೇ ಹೋಗಿ.

ಕೊಳವೆ ತೆಪ್ಪಕ್ಕೆ ಬಂದ ಕೂಡಲೇ ಮೇಲ್ಭಾಗ ನೋಡಿ. ಕೆಸರಿನ ಮೇಲಿನ ನೀರು ತಿಳಿಯಾಗಿದ್ದರೆ ಪದರ ಕದಡಿಲ್ಲ ಅಂತ ಅರ್ಥ. ರಾಡಿಯಾಗಿದ್ದರೆ ಚೆಲ್ಲಿ, ಇನ್ನೊಂದು ತೆಗೆಯಿರಿ.

ಚೆನ್ನಾಗಿ ಬಂದ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವುದೇ ಒಂದು ಸಂತೋಷ. ಎಲ್ಲಕ್ಕಿಂತ ಮೇಲೆ ಎರಡು ಮೂರು ಮಿಲಿಮೀಟರಿನ ಕಂದು ಪೊರೆ, ಮುಟ್ಟಿದರೆ ಹಾರಿಹೋಗುವಷ್ಟು ಹಗುರ. ಅದು ಗಾಳಿ ಸೋಕಿದ ಕಬ್ಬಿಣ, ಮ್ಯಾಂಗನೀಸಿನ ತುಕ್ಕು. ಅದರ ಕೆಳಗೆ ಬಣ್ಣ ಇದ್ದಕ್ಕಿದ್ದಂತೆ ಬೂದುಗಪ್ಪಿಗೆ ತಿರುಗುತ್ತದೆ. ಅಲ್ಲಿ ಆಮ್ಲಜನಕ ಇಲ್ಲ, ಕೊಳೆತ ಮೊಟ್ಟೆಯ ವಾಸನೆ ಇದೆ. ನಡುನಡುವೆ ಎಲೆಯ ಚೂರು, ಕೆಲವು ಕಡೆ ಇಡೀ ಎಲೆಯೇ ನರನರವಾಗಿ ಕಾಣುತ್ತದೆ. ಕೆಲವು ಕೊಳವೆಗಳಲ್ಲಿ ಬೂದು ಹೂಳಿನ ನಡುವೆ ಒಂದು ಕೆಂಪು ಪಟ್ಟಿ ಅಡ್ಡಕ್ಕೆ ಬಂದಿರುತ್ತದೆ. ಯಾವುದೋ ಮಳೆಗಾಲದಲ್ಲಿ ಗುಡ್ಡ ಕಡಿದ ಮಣ್ಣು ಒಂದೇ ಸಲಕ್ಕೆ ಬಂದು ಕೂತ ಗುರುತು ಅದು. ಆ ಕಡೆ ರಸ್ತೆ ಅಗಲ ಮಾಡಿದ್ದು ಯಾವ ವರ್ಷ, ಶುಂಠಿಗೆ ಗುಡ್ಡ ತೆರೆದದ್ದು ಯಾವಾಗ ಅಂತ ಊರಲ್ಲಿ ಕೇಳಿ ಬರೆದುಕೊಳ್ಳಿ. ಆಮೇಲೆ ತುಂಬಾ ಸಹಾಯಕ್ಕೆ ಬರುತ್ತದೆ.

ಕೊಳವೆ ಒಳಗಿನ ಹೂಳಿನ ಉದ್ದ, ಕೊಳವೆ ಎಷ್ಟು ಆಳ ಹೋಗಿತ್ತು ಎರಡನ್ನೂ ಅಳೆಯಿರಿ. ಒತ್ತುವಾಗ ಹೂಳು ಸ್ವಲ್ಪ ಕುಗ್ಗುತ್ತದೆ, ಆ ವ್ಯತ್ಯಾಸ ಗೊತ್ತಿರಬೇಕು. ಒಂದು ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ. ಮನೆಗೆ ತರುವವರೆಗೂ ಕೊಳವೆ ನೆಟ್ಟಗೇ ನಿಂತಿರಬೇಕು, ಮಲಗಿಸಬಾರದು. ನಮ್ಮ ಊರ ರಸ್ತೆಯಲ್ಲಿ ಜೀಪಿನ ಹಿಂದೆ ಒಬ್ಬರು ಕೊಳವೆಯನ್ನು ತೊಡೆಯ ನಡುವೆ ಹಿಡಿದು ಕೂರುವುದೇ ಸರಿ.

ಹೋಳು ಮಾಡಿ, ಒಣಗಿಸಿ, ತೂಗಿ

ಅದೇ ದಿನ ಹೋಳು ಮಾಡಿಬಿಡಿ. ಕೊಳವೆಗೆ ಸರಿಯಾಗಿ ಕೂರುವ ಒಂದು ಒತ್ತುಗೋಲನ್ನು ಕೆಳಗಿನಿಂದ ತಳ್ಳುತ್ತಾ, ಮೇಲೆ ಬಂದಷ್ಟನ್ನು 1 ಸೆಂ.ಮೀ. ದಪ್ಪಕ್ಕೆ ಕತ್ತರಿಸುತ್ತಾ ಹೋಗಬೇಕು. ಸ್ಟೀಲ್ ಚಾಕು ಬೇಡ, ಅದರಲ್ಲಿ ಕ್ರೋಮಿಯಂ, ನಿಕ್ಕಲ್ ಇದೆ. ಬಿದಿರಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಸಾಕು. ಪ್ರತಿ ಹೋಳಿನ ಹಸಿ ತೂಕ ಮೊದಲು ಬರೆದುಕೊಳ್ಳಿ. ಆಮೇಲೆ ಸುತ್ತಲಿನ ಮೂರು ನಾಲ್ಕು ಮಿಲಿಮೀಟರ್ ಅಂಚನ್ನು ತೆಗೆದುಹಾಕಿ, ಯಾಕೆಂದರೆ ಕೊಳವೆಯ ಗೋಡೆಗೆ ಮೇಲಿನ ಕೆಸರು ಬಳಿದುಕೊಂಡು ಕೆಳಗೆ ಬಂದಿರುತ್ತದೆ. ಒಳಗಿನ ಭಾಗ ಮಾತ್ರ ಚೀಲಕ್ಕೆ. ಚೀಲದ ಮೇಲೆ ಕೆರೆ, ಕೊಳವೆ, ಆಳ, ದಿನಾಂಕ ಇಷ್ಟೂ ಇರಲಿ. ಸುಮ್ನೆ 1, 2, 3 ಅಂತ ಬರೆದರೆ ಆರು ತಿಂಗಳ ಮೇಲೆ ಯಾರಿಗೂ ತಿಳಿಯುವುದಿಲ್ಲ.

ಒಣಗಿಸಲು 60 ಡಿಗ್ರಿ ಒಳಗಿನ ಶಾಖ ಸಾಕು. ಪಾದರಸ ನೋಡುವುದಿದ್ದರೆ ಆ ಪಾಲನ್ನು ಬಿಸಿ ಮಾಡದೆ ಬೇರೆ ಇಡಿ, ಅದು ಹಾರಿಹೋಗುತ್ತದೆ. ಒಣಗಿದ ಮೇಲಿನ ತೂಕದಿಂದ ನೀರಿನ ಪಾಲು ತಿಳಿಯುತ್ತದೆ, ಅದರಿಂದ ಇಡೀ ಹೋಳಿನ ಒಣ ತೂಕ ಬರುತ್ತದೆ. 6 ಸೆಂ.ಮೀ. ಕೊಳವೆಯ 1 ಸೆಂ.ಮೀ. ಹೋಳು ಅಂದರೆ 28.3 ಘನ ಸೆಂ.ಮೀ. ಒಣ ತೂಕ 14 ಗ್ರಾಂ ಬಂದರೆ ಒಂದು ಘನ ಸೆಂ.ಮೀ.ಗೆ ಸುಮಾರು ಅರ್ಧ ಗ್ರಾಂ. ಈ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬಹಳಷ್ಟು ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಹೂಳಿನ ಲೆಕ್ಕವೇ ಆಗುವುದಿಲ್ಲ.

ಸ್ವಲ್ಪ ಪಾಲನ್ನು ಕುಲುಮೆಯಲ್ಲಿ 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟರೆ, ಕಡಿಮೆಯಾದ ತೂಕದಿಂದ ಸಾವಯವ ಅಂಶ ತಿಳಿಯುತ್ತದೆ. ತಾಮ್ರಕ್ಕೆ ಸಾವಯವ ಅಂಶದ ಜೊತೆ ನಂಟು ಜಾಸ್ತಿ, ಹಾಗಾಗಿ ಇದು ಬೇಕು.

ವರ್ಷಕ್ಕೆ ಎಷ್ಟು ಹೂಳು?

ಎರಡು ದಾರಿ ಇದೆ. ಒಂದು ಕೈಯಿಂದ ಮಾಡುವಂಥದ್ದು, ಇನ್ನೊಂದಕ್ಕೆ ದೊಡ್ಡ ಲ್ಯಾಬ್ ಬೇಕು.

ಕೈಯಿಂದ ಮಾಡುವುದು ಹೂಳುಬಲೆ. ತಳ ಮುಚ್ಚಿದ, ಮೇಲೆ ತೆರೆದ ಕೊಳವೆಯನ್ನು ನೀರಿನಲ್ಲಿ ನೇತುಹಾಕುವುದು. ಎತ್ತರ ಅಡ್ಡಳತೆಯ ಐದು ಪಟ್ಟಾದರೂ ಇರಬೇಕು, ಇಲ್ಲವಾದರೆ ಒಳಗೆ ಬಿದ್ದದ್ದು ಮತ್ತೆ ಹೊರಗೆ ಹೋಗುತ್ತದೆ. 10 ಸೆಂ.ಮೀ. ಅಡ್ಡಳತೆಗೆ 50 ಸೆಂ.ಮೀ. ಎತ್ತರ. ಕೆಳಗೆ ಕಲ್ಲು, ಮೇಲೆ ತೇಲುವ ಕ್ಯಾನ್ ಕಟ್ಟಿ, ತಳದಿಂದ ಒಂದು ಮೀಟರ್ ಮೇಲೆ ನಿಲ್ಲುವಂತೆ ಮಳೆಗಾಲಕ್ಕೆ ಮೊದಲು ಬಿಡಿ, ಮುಗಿದ ಮೇಲೆ ತೆಗೆಯಿರಿ. ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಒಳಗೆ 31 ಗ್ರಾಂ ಒಣ ಹೂಳು ಸಿಕ್ಕರೆ ಒಂದು ಚದರ ಸೆಂ.ಮೀ.ಗೆ ಸುಮಾರು 0.4 ಗ್ರಾಂ. ಗಾಳಿಗೆ ತಳದಿಂದ ಎದ್ದ ಹಳೆ ಹೂಳೂ ಬಲೆಗೆ ಬೀಳುವುದರಿಂದ ಈ ಲೆಕ್ಕ ಸ್ವಲ್ಪ ಮೇಲಕ್ಕೇ ಇರುತ್ತದೆ. ಇಷ್ಟಾದರೂ ಈ ಮಳೆಗಾಲದ ಕಥೆ ತಿಳಿಯುತ್ತದೆ.

ಹಿಂದಿನ ನೂರು ವರ್ಷದ ಕಥೆಗೆ ಸೀಸ-210 ಬೇಕು, ಅಂದರೆ ವಿಕಿರಣ ಸೂಸುತ್ತಾ ತಾನಾಗಿ ಕಡಿಮೆಯಾಗುವ ಒಂದು ಬಗೆಯ ಸೀಸ. ನೆಲದ ಕಲ್ಲು ಮಣ್ಣಿನಲ್ಲಿರುವ ರೇಡಿಯಂನಿಂದ ರೇಡಾನ್ ಅನಿಲ ಹುಟ್ಟಿ ಗಾಳಿಗೆ ಸೇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 3.8 ದಿನ ಮಾತ್ರ. ಅದು ಒಡೆಯುತ್ತಾ ಹೋಗಿ ಸೀಸ-210 ಆಗುತ್ತದೆ, ಮಳೆಯ ಜೊತೆ ಕೆರೆಗೆ ಇಳಿದು ಹೂಳಿಗೆ ಅಂಟಿಕೊಳ್ಳುತ್ತದೆ. ಇದರ ಅರ್ಧಾಯುಷ್ಯ 22.3 ವರ್ಷ. ಹೂಳಿನಲ್ಲಿ ಹುಗಿದ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಒಡೆದು ಕಡಿಮೆಯಾಗುತ್ತಾ ಹೋಗುತ್ತದೆ. ಮಣ್ಣಿನಲ್ಲಿರುವ ರೇಡಿಯಂನಿಂದ ಅಲ್ಲೇ ಹುಟ್ಟುವ ಪಾಲನ್ನು ಕಳೆದರೆ ಉಳಿಯುವುದು ಮಳೆಯಿಂದ ಬಂದದ್ದು. ಎಷ್ಟು ಆಳಕ್ಕೆ ಅದು ಅರ್ಧವಾಯಿತು ಅಂತ ನೋಡಬೇಕು. 9 ಸೆಂ.ಮೀ.ಗೆ ಅರ್ಧವಾದರೆ, 9ನ್ನು 22.3ರಿಂದ ಭಾಗಿಸಿ. ವರ್ಷಕ್ಕೆ 0.4 ಸೆಂ.ಮೀ. ಒಂದು ಘನ ಸೆಂ.ಮೀ.ಗೆ ಅರ್ಧ ಗ್ರಾಂ ಒಣ ಹೂಳು ಅಂತಾದರೆ, ಚದರ ಸೆಂ.ಮೀ.ಗೆ ವರ್ಷಕ್ಕೆ 0.2 ಗ್ರಾಂ. ಕೆಳಗಿನ ಹೂಳು ಒತ್ತಿಕೊಂಡಿರುವುದರಿಂದ ಸೆಂ.ಮೀ. ಬದಲು ಮೊದಲಿಂದಲೇ ಒಣ ತೂಕದಲ್ಲಿ ಲೆಕ್ಕ ಹಾಕುವುದು ಇನ್ನೂ ಒಳ್ಳೆಯದು.

ಈ ದಾರಿಯನ್ನು 1963ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಸೂಚಿಸಿದರು. ಅದನ್ನು ಕೆರೆ ಸರೋವರಗಳ ಹೂಳಿಗೆ ಹಚ್ಚಿ ತೋರಿಸಿದ 1971ರ ಕೆಲಸದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ದೇವೇಂದ್ರ ಲಾಲ್ ಇದ್ದರು. ಜಗತ್ತೆಲ್ಲ ಇವತ್ತು ಬಳಸುವ ವಿಧಾನದಲ್ಲಿ ನಮ್ಮವರ ಕೈ ಇದೆ ಅನ್ನುವುದನ್ನು ತರಗತಿಯಲ್ಲಿ ನಾನು ಹೇಳದೆ ಬಿಡುವುದಿಲ್ಲ.

ಲ್ಯಾಬಿಗೆ ಎಲ್ಲ ಹೋಳೂ ಕೊಡಬೇಕಿಲ್ಲ, ಮೇಲಿನಿಂದ ಕೆಳಗಿನವರೆಗೆ ಆಯ್ದ ಹತ್ತು ಹನ್ನೆರಡು ಸಾಕು. ಗಾಮಾ ಕಿರಣ ಎಣಿಸುವ ವಿಧಾನದಲ್ಲಿ ಹೂಳಿನ ಪುಡಿಯನ್ನು ಗಾಳಿ ಆಡದ ಡಬ್ಬಿಯಲ್ಲಿ ಮೂರು ವಾರವಾದರೂ ಮುಚ್ಚಿಟ್ಟು ಆಮೇಲೆ ಅಳೆಯುತ್ತಾರೆ, ಹಾಗಾಗಿ ಅವಸರ ಮಾಡಬೇಡಿ. ಜೊತೆಗೆ ಸೀಸಿಯಂ-137 ಕೂಡ ನೋಡಲು ಹೇಳಿ. ಅಣುಬಾಂಬ್ ಪರೀಕ್ಷೆಗಳಿಂದ ಬಂದ ಅದು 1963ರ ಹೊತ್ತಿಗೆ ಅತಿ ಹೆಚ್ಚು ಬಿದ್ದಿತ್ತು. ಆ ಶಿಖರ ಸಿಕ್ಕ ಆಳಕ್ಕೆ 1963 ಅಂತ ಗುರುತು ಹಾಕಬಹುದು. ಎರಡೂ ಲೆಕ್ಕ ಒಪ್ಪಿದರೆ ಧೈರ್ಯವಾಗಿ ಮುಂದೆ ಹೋಗಿ. ಒಪ್ಪದಿದ್ದರೆ ಪದರ ಕಲಸಿದೆ ಅಥವಾ ಹೂಳಿನ ವೇಗ ನಡುವೆ ಬದಲಾಗಿದೆ. ಗುಡ್ಡ ತೆರೆದ ಊರಲ್ಲಿ ವೇಗ ಬದಲಾಗದೆ ಇರುವುದೇ ಅಪರೂಪ. ಅದಕ್ಕೆ ಬೇರೆ ಲೆಕ್ಕದ ಕ್ರಮ ಇದೆ, ಲ್ಯಾಬಿನವರನ್ನು ಕೇಳಿ ಮಾಡಿಸಿ.

ಇತರ ಗುರುತುಗಳೂ ಇವೆ. ಪೆಟ್ರೋಲಿಗೆ ಸೀಸ ಬೆರೆಸುವುದು ದೇಶದಲ್ಲೆಲ್ಲ ನಿಂತಿದ್ದು 2000ದಲ್ಲಿ, ಹೆದ್ದಾರಿ ಪಕ್ಕದ ಕೆರೆಯಲ್ಲಿ ಸೀಸ ಅಲ್ಲಿಂದ ಇಳಿಯಬಹುದು. ಭದ್ರಾ ಕಡೆಯವರಾದರೆ, ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದನ್ನು ಕಬ್ಬಿಣದ ಸಾಲಿನಲ್ಲಿ ಹುಡುಕಿ ನೋಡಬಹುದು.

ಲೋಹ ಅಳೆಸುವುದು, ಸಂಖ್ಯೆ ಓದುವುದು

ಒಣ ಹೂಳನ್ನು ನೈಲಾನ್ ಜರಡಿಯಲ್ಲಿ ಸೋಸಿ, 63 ಮೈಕ್ರಾನಿಗಿಂತ ಸಣ್ಣ ಪಾಲನ್ನೇ ಕೊಡಿ. ಹಾಗೆ ಮಾಡದಿದ್ದರೆ ಮರಳು ಜಾಸ್ತಿ ಇರುವ ಹೋಳಿನಲ್ಲಿ ಲೋಹ ಕಡಿಮೆ ಕಾಣುತ್ತದೆ, ಅದಕ್ಕೂ ಮಾಲಿನ್ಯಕ್ಕೂ ಸಂಬಂಧ ಇರುವುದಿಲ್ಲ. ಆಮ್ಲದಲ್ಲಿ ಕರಗಿಸುವ ಕೆಲಸ ಹೊಗೆ ಎಳೆಯುವ ಕಪಾಟು ಇರುವ ಲ್ಯಾಬಿನಲ್ಲಿ ಮಾತ್ರ. ಶಾಲೆಯಲ್ಲಿ, ಮನೆಯಲ್ಲಿ ಯಾರೂ ಕೈ ಹಾಕಬಾರದು.

ಲ್ಯಾಬಿನಲ್ಲಿ ಕೇಳುವಾಗ ಒಂದು ಎಚ್ಚರ. ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳು ಸಾಮಾನ್ಯವಾಗಿ ಕೊಡುವುದು ಡಿಟಿಪಿಎ ತಾಮ್ರ, ಅಂದರೆ ಗಿಡಕ್ಕೆ ಸಿಗುವ ಪಾಲು. ಅದರಲ್ಲಿ 0.2 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತಾರೆ. ಹೂಳಿನ ಅಧ್ಯಯನಕ್ಕೆ ಬೇಕಾದದ್ದು ಒಟ್ಟು ತಾಮ್ರ, ಅದು ಹತ್ತಾರು ಪಿಪಿಎಂನಲ್ಲಿ ಬರುತ್ತದೆ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಜೊತೆ ಅಲ್ಯೂಮಿನಿಯಂ ಕೂಡ ಬೇಕು. ಪ್ರಮಾಣಿತ ಮಾದರಿಯನ್ನು (ಲೋಹ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಮಣ್ಣು) ಜೊತೆಗೇ ಓಡಿಸಿದ್ದಾರಾ, ಅದರ ಫಲಿತಾಂಶ ಎಷ್ಟು ಹತ್ತಿರ ಬಂತು ಅಂತ ಕೇಳಿ ಬರೆಸಿಕೊಳ್ಳಿ.

ಈಗ ಆಗಲೇ ಹೇಳಿದ ಕಾಡಿನ ಕೆರೆಯ ವಿಷಯ. ಸಾಮಾನ್ಯವಾಗಿ ಹೋಲಿಕೆಗೆ ಬಳಸುವುದು ಜಗತ್ತಿನ ಜೇಡಿಗಲ್ಲುಗಳ ಸರಾಸರಿ. ತಾಮ್ರ 45, ಸತು 95, ಸೀಸ 20, ಕ್ರೋಮಿಯಂ 90, ನಿಕ್ಕಲ್ 68 ಪಿಪಿಎಂ. ನಮ್ಮ ನೆಲ ಆ ಸರಾಸರಿಯಂತಿಲ್ಲ. ಶಿವಮೊಗ್ಗದ ಶಿಸ್ಟ್ ಪಟ್ಟಿಯ ಹಳೆಯ ಜ್ವಾಲಾಮುಖಿ ಕಲ್ಲು, ಅದರ ಮೇಲೆ ಕೂತ ಜಂಬಿಟ್ಟಿಗೆ, ಇವುಗಳಲ್ಲಿ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಹುಟ್ಟಿನಿಂದಲೇ ಜಾಸ್ತಿ ಇರಬಹುದು. ಕೆರೆ ಜೀವಿಗಳಿಗೆ ತೊಂದರೆ ಸಾಧ್ಯ ಅನ್ನುವ ಮಟ್ಟ ತಾಮ್ರಕ್ಕೆ 149, ಸೀಸಕ್ಕೆ 128, ಕ್ರೋಮಿಯಂಗೆ 111 ಪಿಪಿಎಂ ಅಂತ ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ. ಕಾಡಿನ ಕೆರೆಯಲ್ಲೂ ಕ್ರೋಮಿಯಂ ಇದನ್ನು ದಾಟಿತು ಅಂದರೆ ಅದು ಕಲ್ಲಿನ ಗುಣ, ಯಾರ ತಪ್ಪೂ ಅಲ್ಲ. ಪತ್ರಿಕೆಗೆ ಸುದ್ದಿ ಕೊಡುವ ಮೊದಲು ಇದನ್ನು ನೋಡಲೇಬೇಕು.

ಹಾಗಾಗಿ ಹೋಲಿಕೆಗೆ ನಿಮ್ಮದೇ ಕೊಳವೆಯ ತಳದ ಹೋಳನ್ನು ಇಟ್ಟುಕೊಳ್ಳಿ, ಬೋರ್ಡೋ ಬರುವ ಮೊದಲಿನದು. ಅಲ್ಯೂಮಿನಿಯಂ ಜೇಡಿಮಣ್ಣಿನದ್ದೇ, ಹಾಗಾಗಿ ಮೇಲಿನ ಹೋಳಿನ ತಾಮ್ರವನ್ನು ಅದೇ ಹೋಳಿನ ಅಲ್ಯೂಮಿನಿಯಂನಿಂದ ಭಾಗಿಸಿ, ಜೇಡಿ ಹೆಚ್ಚು ಕಡಿಮೆ ಇದ್ದರೂ ಹೋಲಿಕೆ ಕೆಡುವುದಿಲ್ಲ. ತಳದ ಹೋಳಿಗೂ ಹಾಗೇ ಮಾಡಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ಎಷ್ಟು ಪಟ್ಟು ಏರಿದೆ ಅಂತ ಬರುತ್ತದೆ. ಒಂದರ ಆಸುಪಾಸು ಇದ್ದರೆ ನೆಲದ್ದೇ. ಎರಡು ಮೂರು ಪಟ್ಟು ಆದರೆ ತೋಟದ ಕಡೆ ನೋಡಬೇಕು. ಅಲ್ಯೂಮಿನಿಯಂ ಬದಲು ಕಬ್ಬಿಣ ಬಳಸುವವರಿದ್ದಾರೆ, ನಮ್ಮ ಕಡೆ ಅದು ಬೇಡ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಕರಗಿ ಮೇಲೆ ಬಂದು ಆ ಕಂದು ಪೊರೆಯಲ್ಲಿ ಮತ್ತೆ ಕೂರುತ್ತವೆ. ಮೇಲಿನ ಹೋಳಿನಲ್ಲಿ ಮ್ಯಾಂಗನೀಸ್ ಜಾಸ್ತಿ ಬಂದರೆ ಗಾಬರಿ ಬೇಡ.

ಪಿಪಿಎಂ ಒಂದೇ ಸಾಲದು ಅಂದೆನಲ್ಲ, ಅದರ ಲೆಕ್ಕ ಇಲ್ಲಿದೆ. ಒಂದು ಕೆರೆಯಲ್ಲಿ ಹಿಂದೆ ಚದರ ಸೆಂ.ಮೀ.ಗೆ ವರ್ಷಕ್ಕೆ 0.2 ಗ್ರಾಂ ಹೂಳು ಕೂರುತ್ತಿತ್ತು, ಅದರಲ್ಲಿ ತಾಮ್ರ 120 ಪಿಪಿಎಂ ಅಂತಿಟ್ಟುಕೊಳ್ಳಿ. ಪಿಪಿಎಂ ಅಂದರೆ ಒಂದು ಗ್ರಾಂನಲ್ಲಿ ಅಷ್ಟು ಮೈಕ್ರೋಗ್ರಾಂ. ಗುಣಿಸಿದರೆ ವರ್ಷಕ್ಕೆ 24 ಮೈಕ್ರೋಗ್ರಾಂ ತಾಮ್ರ. ಆಮೇಲೆ ಮೇಲಿನ ಗುಡ್ಡವನ್ನು ಶುಂಠಿಗೆ ತೆರೆದರು. ಹೂಳು 0.6 ಗ್ರಾಂಗೆ ಏರಿತು, ತಾಮ್ರ 60 ಪಿಪಿಎಂಗೆ ಇಳಿಯಿತು. ವರದಿ ನೋಡಿದವರು ತಾಮ್ರ ಅರ್ಧ ಆಯಿತು ಅಂತ ಸಮಾಧಾನ ಪಡುತ್ತಾರೆ. ಗುಣಿಸಿ ನೋಡಿ: 36 ಮೈಕ್ರೋಗ್ರಾಂ. ಕೆರೆಗೆ ಬರುವ ತಾಮ್ರ ಒಂದೂವರೆ ಪಟ್ಟು ಆಗಿದೆ, ಕೆಂಪು ಮಣ್ಣು ಬೆರೆತು ತೆಳುವಾಗಿ ಕಾಣುತ್ತಿದೆ ಅಷ್ಟೆ. ಜೊತೆಗೆ ಕೆರೆಯೇ ಮೂರು ಪಟ್ಟು ಬೇಗ ತುಂಬುತ್ತಿದೆ. ಉದಾಹರಣೆಯ ಸಂಖ್ಯೆಗಳು ನಾನು ಇಟ್ಟುಕೊಂಡವು. ನಿಮ್ಮ ಕೆರೆಯಲ್ಲಿ ಈ ಗುಣಾಕಾರವನ್ನು ಪ್ರತಿ ಹೋಳಿಗೂ ಮಾಡಿ ಗ್ರಾಫ್ ಎಳೆಯಿರಿ.

ಕರಾವಳಿಯ ಅಳಿವೆಗಳಲ್ಲಿ ಇದೇ ಕೆಲಸ ಮಾಡುವವರು ಉಬ್ಬರ ಇಳಿತಕ್ಕೆ ಹೂಳು ಕಲಸುವುದನ್ನೂ, ಒಣ ತೂಕದಲ್ಲಿ ಸೇರುವ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶರಾವತಿಯ ಹೂಳಿನ ಒಂದು ಪಾಲನ್ನು ಲಿಂಗನಮಕ್ಕಿ ಹಿಡಿದುಕೊಳ್ಳುತ್ತದೆ. ಘಟ್ಟದ ಮೇಲಿನ ಸಂಖ್ಯೆಯನ್ನು ಹಾಗೇ ನದಿ ಸಮುದ್ರ ಸೇರುವ ಹೊನ್ನಾವರಕ್ಕೆ ಹಚ್ಚಲು ಬರುವುದಿಲ್ಲ.

ಗೋಡು ತೋಟಕ್ಕೆ ಹಾಕಬಹುದಾ?

ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಒಣ ಲೆಕ್ಕಕ್ಕೆ 2 ಟನ್ ಗೋಡು, ತಾಮ್ರ 80 ಪಿಪಿಎಂ ಅಂತ ಹಿಡಿಯಿರಿ. 160 ಗ್ರಾಂ ತಾಮ್ರ ಆಯಿತು. ಒಂದು ಡ್ರಮ್ ಬೋರ್ಡೋದಲ್ಲಿ ಅರ್ಧ ಕೆಜಿ ಇತ್ತಲ್ಲ, ಅದಕ್ಕಿಂತ ಕಡಿಮೆ. ಎಕರೆಗೆ 20 ಲೋಡ್ ಹಾಕಿದರೆ 3.2 ಕೆಜಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 900 ಟನ್ ತೂಗುತ್ತದೆ. ಹಂಚಿದರೆ ಮೂರೂವರೆ ಪಿಪಿಎಂ ಏರಿಕೆ. ಒಂದು ಸಲಕ್ಕೆ ದೊಡ್ಡದಲ್ಲ. ವರ್ಷ ಬಿಟ್ಟು ವರ್ಷ ಅದೇ ತೋಟಕ್ಕೆ ಹಾಕುತ್ತಾ, ಮೇಲಿಂದ ಔಷಧಿಯನ್ನೂ ಹೊಡೆಯುತ್ತಾ ಹೋದರೆ ಆಗ ಲೆಕ್ಕ ಬೇರೆ. ಕಾಂಪೋಸ್ಟ್ ಗೊಬ್ಬರಕ್ಕೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ತಾಮ್ರದ ಮಿತಿ 300, ಸೀಸದ್ದು 100, ಕ್ಯಾಡ್ಮಿಯಂದು 5 ಪಿಪಿಎಂ. ಇದು ಗೋಡಿಗೆ ಮಾಡಿದ ಮಿತಿ ಅಲ್ಲ, ಆದರೆ ಗೋಡು ಇದನ್ನೂ ದಾಟಿದ್ದರೆ ತೋಟಕ್ಕೆ ತರಲೇಬೇಡಿ. ಗಣಪತಿ ಬಿಡುವ ಪೇಟೆ ಕೆರೆಗಳ ಹೂಳಿನಲ್ಲಿ ಬಣ್ಣದಿಂದ ಬಂದ ಸೀಸವನ್ನು ತಪ್ಪದೆ ನೋಡಿಸಿ.

ಕಪ್ಪು ಹೂಳಿಗೆ ಇನ್ನೊಂದು ಎಚ್ಚರ ಬೇಕು. ಕೆರೆಯ ತಳದಲ್ಲಿ ಗಂಧಕದ ಜೊತೆ ಕಟ್ಟಿಕೊಂಡು ತಾಮ್ರ, ಸೀಸ ಸುಮ್ಮನೆ ಇರುತ್ತವೆ. ಹೊರಗೆ ತಂದು ಗಾಳಿಗೆ ಹರಡಿದಾಗ ಗಂಧಕ ಆಮ್ಲವಾಗುತ್ತದೆ, ಲೋಹ ಬಿಡುಗಡೆ ಆಗುತ್ತದೆ. ನಮ್ಮ ಮಣ್ಣು ಮೊದಲೇ ಹುಳಿ. ಆದ್ದರಿಂದ ಗೋಡನ್ನು ಹಸಿಯಾಗಿಯೇ ಮರದ ಬುಡಕ್ಕೆ ಸುರಿಯಬೇಡಿ. ಹಳ್ಳ, ಬಾವಿಯಿಂದ ದೂರ ರಾಶಿ ಹಾಕಿ ಒಂದು ಬೇಸಿಗೆ ಒಣಗಲು ಬಿಡಿ. ಒಣಗಿದ ಮೇಲೆ ರಸಸಾರ (ಪಿಎಚ್) ನೋಡಿಸಿ, ಹುಳಿ ಏರಿದ್ದರೆ ಪರೀಕ್ಷೆಯವರು ಹೇಳಿದಷ್ಟು ಸುಣ್ಣ ಬೆರೆಸಿ, ಆಮೇಲೆ ಹಾಕಿ. ಬೋರ್ಡೋ ಕಾಣದ ಹೊಸ ಜಾಗ, ಹಣ್ಣಿನ ಗಿಡ ಇದ್ದರೆ ಮೊದಲ ಪಾಲು ಅಲ್ಲಿಗೆ ಹೋಗಲಿ. ಹಳೇ ತೋಟಕ್ಕೆ ಹಾಕುವ ಮೊದಲು ಅಲ್ಲಿನ ಮಣ್ಣಿನ ತಾಮ್ರವನ್ನೂ ಒಮ್ಮೆ ನೋಡಿಸಿಕೊಳ್ಳಿ.

ಉಳಿದ ಒಣ ಹೋಳುಗಳನ್ನು ಬಿಸಾಡಬೇಡಿ. ಗಾಜಿನ ಶೀಶೆಯಲ್ಲಿ, ಕೆರೆಯ ನಕ್ಷೆ ಮತ್ತು ಆಳದ ಪಟ್ಟಿಯ ಜೊತೆ, ಶಾಲೆಯ ಕಪಾಟಿನಲ್ಲೋ ಪಂಚಾಯ್ತಿಯಲ್ಲೋ ಇಡಿ. ಕೆರೆಯ ಹೂಳು ಪೂರ್ತಿ ಎತ್ತಿದ ಮೇಲೆ ಆ ಕೆರೆಯ ಹಳೆಯ ಪದರ ಅಂತ ಉಳಿಯುವುದು ಆ ಶೀಶೆಗಳಲ್ಲಿ ಮಾತ್ರ.